ಮನೆ ಮುಂದೆಯೇ ಗ್ಯಾರೇಜು

ಭಾನುವಾರ ಬೆಳಿಗ್ಗೆ ಬಸವೇಶ್ವರನಗರದ ಯಾವುದಾದರೂ ಕ್ರಾಸಿನಲ್ಲಿ ನಡೆದು ನೋಡಿ. ಮೂವತ್ತು-ನಲವತ್ತರ ಸೈಟಿನಲ್ಲಿ ಎದ್ದ ಮನೆ, ಗೇಟಿಗೆ ಮೂತಿ ತಾಗಿಸಿ ನಿಂತ ಕಾರು, ಎತ್ತಿದ ಬಾನೆಟ್ಟಿನೊಳಗೆ ತಲೆ ತೂರಿಸಿದ ಬನಿಯನ್ನಿನ ಯಜಮಾನರು. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತ ಪಿಯುಸಿ ಓದುವ ಮಗ ಅಥವಾ ಮಗಳು. ಒಳಗಿನಿಂದ ‘ತಿಂಡಿ ಆರಿ ಹೋಗ್ತಿದೆ’ ಎಂಬ ಕೂಗು. ಕಾರಿನ ಕಂತು, ಕಾಲೇಜಿನ ಫೀಸು ಎರಡನ್ನೂ ಒಂದೇ ಸಂಬಳದಲ್ಲಿ ತೂಗಿಸಬೇಕಾದ ಮನೆಗಳಲ್ಲಿ ಗ್ಯಾರೇಜಿನ ಬಿಲ್ಲು ಉಳಿಸುವ ಆಸೆ ಸಹಜವೇ. ಆದರೆ ಎಲ್ಲಿಯವರೆಗೆ ಕೈ ಹಾಕಬಹುದು, ಎಲ್ಲಿ ಕೈ ಹಿಂದೆಗೆಯಬೇಕು ಎಂಬುದು ತಿಳಿದಿರಬೇಕು.

ಒಂದು ಕಾಲಕ್ಕೆ ಈ ಗೆರೆ ಬಹಳ ದೂರದಲ್ಲಿತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ದಿನಗಳಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ ಮಸಿ ಕೆರೆಯುವುದು, ಪಾಯಿಂಟನ್ನು ಎಮರಿ ಕಾಗದದಲ್ಲಿ ಉಜ್ಜುವುದು, ಕಾರ್ಬುರೇಟರಿನ ಜೆಟ್ ಊದುವುದು ಕಾರಿದ್ದವರು ಕಲಿಯಲೇಬೇಕಾದ ವಿದ್ಯೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೂ ಮೊದಲಿಗೆ ಇದ್ದದ್ದು ಕಾರ್ಬುರೇಟರೇ. 2000ದ ಹೊತ್ತಿಗೆ ಹೊಗೆಯ ನಿಯಮಗಳು ಬಿಗಿಯಾದವು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಬಂತು, ಅದರ ಬೆನ್ನಿಗೆ ಪುಟ್ಟ ಕಂಪ್ಯೂಟರೂ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾದ ಮೇಲಂತೂ ಕಾರು ತನ್ನ ಕಾಯಿಲೆಯನ್ನು ದೀಪ ಹೊತ್ತಿಸಿ ಹೇಳುತ್ತದೆ. ಆ ಭಾಷೆ ಓದಲು ಸ್ಕ್ಯಾನರ್ ಬೇಕು. ಎಮರಿ ಕಾಗದಕ್ಕೆ ಅಲ್ಲಿ ಕೆಲಸವಿಲ್ಲ.

ಹಾಗೆಂದು ಮನೆಯಲ್ಲಿ ಮಾಡುವ ಕೆಲಸ ಮುಗಿದಿಲ್ಲ. ನಿಜವಾದ ಉಳಿತಾಯ ಇರುವುದು ರಿಪೇರಿಗಿಂತ ಹೆಚ್ಚಾಗಿ ನೋಡುವುದರಲ್ಲಿ. ಎಂಜಿನ್ ಆಯಿಲ್ ಕಡಿಮೆಯಾದದ್ದನ್ನು ಡಿಪ್‌ಸ್ಟಿಕ್ ಎಳೆದು ನೋಡಲು ಎರಡು ನಿಮಿಷ ಸಾಕು. ನೋಡದೆ ಓಡಿಸಿ ಎಂಜಿನ್ ಜಾಮ್ ಆದರೆ ಬರುವ ಬಿಲ್ಲಿನ ಮುಂದೆ ಒಂದು ವರ್ಷದ ಕಾಲೇಜು ಫೀಸೂ ಚಿಕ್ಕದಾಗಿ ಕಂಡೀತು. ಟೈರಿನ ಗಾಳಿಯನ್ನು ಕಾರು ಓಡುವ ಮೊದಲೇ, ಟೈರು ತಣ್ಣಗಿರುವಾಗ ಅಳೆಯಬೇಕು. ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಆ ಟೈರಿನ ಆಯುಸ್ಸು ಮುಗಿಯಿತು. ಏರ್ ಫಿಲ್ಟರ್, ವೈಪರ್ ರಬ್ಬರ್, ಸುಟ್ಟ ಫ್ಯೂಸು ಇವನ್ನೆಲ್ಲ ಕಾರಿನ ಜೊತೆ ಬಂದ ಪುಸ್ತಕ ನೋಡಿಕೊಂಡು ಬದಲಾಯಿಸಬಹುದು. ಆ ಪುಸ್ತಕವೋ, ಬಹುಪಾಲು ಕಾರುಗಳಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಹರಿಯದೆ ಕೂತಿರುತ್ತದೆ! ಬಿಡಿಭಾಗಕ್ಕೆ ಜೆ.ಸಿ. ರಸ್ತೆಗೆ ಹೋಗುವವರು ಹಳೆಯದನ್ನು ಜೊತೆಗೆ ಒಯ್ದರೆ ಒಳ್ಳೆಯದು. ಫ್ಯೂಸಿನ ಜಾಗಕ್ಕೆ ಮಾತ್ರ ಅದೇ ಆಂಪಿಯರಿನ ಫ್ಯೂಸೇ ಬೇಕು. ಯಾವುದೋ ತಂತಿ ಸುತ್ತಿದರೆ ಸುಡುವುದು ಫ್ಯೂಸಲ್ಲ, ಕಾರು.

ಬ್ಯಾಟರಿ ವಿಚಾರ ಸ್ವಲ್ಪ ವಿವರವಾಗಿಯೇ ಹೇಳಬೇಕು. ಪಾಠದಲ್ಲಿ ಓದಿದ್ದೆಲ್ಲ ಒಮ್ಮೆಲೇ ಕಣ್ಣಿಗೆ ಕಾಣುವ ಜಾಗ ಅದು. ಕಾರು ಬೆಳಿಗ್ಗೆ ‘ಟಕ್’ ಎಂದು ಸುಮ್ಮನಾದರೆ ಹಲವರು ಹೊಸ ಬ್ಯಾಟರಿಗೇ ಓಡುತ್ತಾರೆ. ಎಷ್ಟೋ ಸಲ ತಪ್ಪಿರುವುದು ಟರ್ಮಿನಲ್ಲಿನ ಮೇಲೆ ಕೂತ ಬಿಳಿ, ಹಸಿರು ಪುಡಿಯಲ್ಲಿ. ಒಳಗಿನ ಸಲ್ಫ್ಯೂರಿಕ್ ಆಮ್ಲದ ಆವಿ ಲೋಹವನ್ನು ತಿಂದು ಬಿಟ್ಟ ಗುರುತು ಅದು. ಅಡುಗೆ ಸೋಡಾ ಕದಡಿದ ನೀರು, ಹಲ್ಲುಜ್ಜುವ ಹಳೆಯ ಬ್ರಷ್ಷು ಸಾಕು. ನೊರೆ ಉಕ್ಕಿದರೆ ಆಮ್ಲವೂ ಪ್ರತ್ಯಾಮ್ಲವೂ ಸೇರಿ ತಟಸ್ಥವಾಗುತ್ತಿವೆ ಎಂದೇ ಅರ್ಥ.

ಬಿಚ್ಚುವಾಗ ಮೊದಲು ಋಣ ತಂತಿ, ಜೋಡಿಸುವಾಗ ಅದೇ ಕೊನೆಗೆ. ಏಕೆಂದರೆ ಈಗಿನ ಕಾರುಗಳ ಮೈಯೆಲ್ಲ ಋಣ ತುದಿಗೆ ಸೇರಿರುತ್ತದೆ. ಧನ ತುದಿಯನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯ ಬಳಿ ಜಲಜನಕ ಇರುವ ಸಾಧ್ಯತೆ ಉಂಟು. ಅಲ್ಲಿ ಕಿಡಿಯೂ ಬೇಡ, ಬೆಂಕಿಕಡ್ಡಿ ಗೀರಿ ಇಣುಕುವುದಂತೂ ಬೇಡವೇ ಬೇಡ.

ರೇಡಿಯೇಟರ್ ಎಂದರೆ ಅಡುಗೆಮನೆಯ ಕುಕ್ಕರಿನ ಅಣ್ಣ. ಒತ್ತಡವಿರುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಬಿಸಿಯಾಗಿರುವಾಗ ಮುಚ್ಚಳ ತಿರುಗಿಸಿದರೆ ಅದೆಲ್ಲ ಮುಖಕ್ಕೇ ಚಿಮ್ಮುತ್ತದೆ. ತಣ್ಣಗಾದ ಮೇಲೇ ತೆರೆಯಬೇಕು. ಚೆಲ್ಲಿದ ಕೂಲೆಂಟನ್ನು ಹಾಗೇ ಬಿಡಬಾರದು. ಅದರ ರುಚಿ ಸಿಹಿ, ಗುಣ ವಿಷ. ನೆಕ್ಕಿದ ಬೀದಿನಾಯಿ ಸತ್ತೀತು.

ಇನ್ನು ಜಾಕ್. ಡಿಕ್ಕಿಯಲ್ಲಿರುವ ಜಾಕ್ ಇರುವುದು ಸ್ಟೆಪ್ನಿ ಹಾಕಲು ಮಾತ್ರ. ಅದರ ಆಸರೆಯಲ್ಲಿ ಕಾರಿನ ಕೆಳಗೆ ಮಲಗುವುದೆಂದರೆ ಸುಮಾರು ಒಂದು ಟನ್ ಭಾರವನ್ನು ಎದೆಯ ಮೇಲೆ ತೂಗುಹಾಕಿಕೊಂಡಂತೆ. ಇಟ್ಟಿಗೆ, ಹಾಲೋ ಬ್ಲಾಕ್ ಇಟ್ಟುಕೊಂಡರೂ ಆದೀತು ಎನ್ನುವವರಿದ್ದಾರೆ. ಆಗದು, ಅವು ಹೇಳದೆ ಕೇಳದೆ ಸಿಡಿದು ಒಡೆಯುತ್ತವೆ. ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗಿನ ವೈರುಗಳನ್ನೂ ಮುಟ್ಟಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಟ್ಟು ಪರೀಕ್ಷಿಸುವುದೂ ಅಪಾಯವೇ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಟಾರ್ಚ್ ಹಿಡಿದವರಿಗೆ ಈ ಕೆಲಸದಲ್ಲೇ ರುಚಿ ಹತ್ತಿದರೆ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ತರಬೇತಿಯಿದೆ. ‘ಓದಿ ಇಂಜಿನಿಯರ್ ಆಗೋದು ಬಿಟ್ಟು’ ಎಂದು ಅಪ್ಪ-ಅಮ್ಮ ಮುಖ ಸಿಂಡರಿಸುವ ಮೊದಲು ಗ್ಯಾರೇಜಿನ ಲೇಬರ್ ಚಾರ್ಜು ಎಷ್ಟೆಂದು ಒಮ್ಮೆ ನೋಡಲಿ.

ಮನೆಯಲ್ಲೇ ಆಯಿಲ್ ಬದಲಾಯಿಸುವವರೂ ಇದ್ದಾರೆ. ಕೆಲಸ ಅಷ್ಟು ಕಷ್ಟವಲ್ಲ, ಕಷ್ಟ ಶುರುವಾಗುವುದು ಆಮೇಲೆ. ಚಿಕ್ಕ ಕಾರಿನಿಂದಲೂ ಮೂರು ಲೀಟರಿನಷ್ಟು ಕಪ್ಪು ಎಣ್ಣೆ ಇಳಿಯುತ್ತದೆ. ಕತ್ತಲಾದ ಮೇಲೆ ಅದನ್ನು ಮೋರಿಗೆ ಸುರಿದರೆ ಕೇಳುವವರಿಲ್ಲ. ಆದರೆ ರಾಜಾಜಿನಗರ, ವಿಜಯನಗರದ ಮೋರಿಗಳು ಹೋಗಿ ಸೇರುವುದು ವೃಷಭಾವತಿಯನ್ನು. ಅದು ಮೈಸೂರು ರಸ್ತೆಯ ಮಗ್ಗುಲಲ್ಲೇ ಹರಿದು ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಬೀಳುತ್ತದೆ. ಅಲ್ಲಿನ ರೈತರು ಗದ್ದೆಗೂ ಮೇವಿನ ಹುಲ್ಲಿಗೂ ಹಾಯಿಸಿದ್ದು ಆ ನೀರನ್ನೇ. ಮುಂದೆ ಅದು ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಮುಟ್ಟುತ್ತದೆ. ಬಳಸಿದ ಆಯಿಲ್ ಕಾನೂನಿನ ಲೆಕ್ಕದಲ್ಲಿ ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ಮರುಬಳಕೆಯ ಘಟಕಕ್ಕೆ ಕಳಿಸುವ ಸರ್ವೀಸ್ ಸ್ಟೇಷನ್ನಿಗೆ ಕೊಟ್ಟು ಬರಬೇಕು. ಅದಕ್ಕೆ ಮನಸ್ಸಿಲ್ಲದವರು ಆಯಿಲ್ ಬದಲಾಯಿಸುವ ಕೆಲಸವನ್ನು ಗ್ಯಾರೇಜಿಗೇ ಬಿಟ್ಟು, ಡಿಪ್‌ಸ್ಟಿಕ್ ನೋಡಿ ಕೈ ತೊಳೆದು ತಿಂಡಿಗೆ ಹೋಗಬಹುದು.