ಬಿರುದು, ಪದವಿ ಮತ್ತು ಹೊಣೆ

ಮುದುವೊಳಲು, ಅಂದರೆ ಇಂದಿನ ಮುಧೋಳ, ರನ್ನನ ಜನ್ಮಭೂಮಿ. ಅವನ 'ಕವಿಚಕ್ರವರ್ತಿ' ಎಂಬ ಬಿರುದು ಸ್ವಯಂ ಧರಿಸಿಕೊಂಡುದಲ್ಲ. ಚಾಲುಕ್ಯ ದೊರೆ ತೈಲಪನಿಂದ ಬಂದುದೆಂದು ಸಾಹಿತ್ಯಚರಿತ್ರೆ ಹೇಳುತ್ತದೆ. ಬಿರುದೆಂದ ಮೇಲೆ ಕೊಟ್ಟವನೊಬ್ಬನಿರಬೇಕು, ಕೊಟ್ಟುದಕ್ಕೆ ಕಾರಣವಿರಬೇಕು. ಇಂದು ಬಿರುದಿನ ಸ್ಥಾನದಲ್ಲಿ ಹೆಸರಿನ ಬಳಿಕ ಸಾಲುಗೊಳ್ಳುವ ಅಕ್ಷರಗಳು ನಿಂತಿವೆ. ಅವುಗಳಿಗೂ ಇದೇ ನಿಯಮ ಸಲ್ಲುತ್ತದೆ.

ಈ ಅಕ್ಷರಗಳು ಮೂರು ಬಗೆಯವು. ಮೊದಲನೆಯದು ವಿಶ್ವವಿದ್ಯಾಲಯದ ಪದವಿ. ಅದು ವ್ಯಾಸಂಗಕ್ಕೆ ಸಾಕ್ಷಿ, ಜೀವನಪರ್ಯಂತ ಉಳಿಯುವಂಥದು. ಎರಡನೆಯದು ವೃತ್ತಿಸಂಘದ ಸದಸ್ಯತ್ವ. ಸದಸ್ಯತ್ವವಿರುವಷ್ಟು ಕಾಲ ಮಾತ್ರ ಅದಕ್ಕೆ ಬೆಲೆ. ಮೂರನೆಯದು ಕಾನೂನಿನನ್ವಯ ಆಗುವ ನೋಂದಣಿ. ಇವುಗಳಲ್ಲಿ ಒಂದನ್ನು ಇನ್ನೊಂದೆಂದು ಭಾವಿಸುವುದರಿಂದಲೇ ಅನೇಕರು ಮೋಸಹೋಗುತ್ತಾರೆ.

ಕಟ್ಟಡಗಳ ವಿನ್ಯಾಸಕಾರರ ವಿಷಯದಲ್ಲಿ 1972ರ ವಾಸ್ತುಶಿಲ್ಪಿಗಳ ಅಧಿನಿಯಮವಿದೆ. ಅದರ 37ನೆಯ ಕಲಮಿನ ಪ್ರಕಾರ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿಯಾಗದವನು 'ಆರ್ಕಿಟೆಕ್ಟ್' ಎಂದು ಕರೆದುಕೊಳ್ಳುವಂತಿಲ್ಲ. ಈ ಕಲಮು ರಕ್ಷಿಸುವುದು ಆ ಹೆಸರನ್ನೇ ಹೊರತು ವಿನ್ಯಾಸದ ಕೆಲಸವನ್ನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು.

ಗಿಡಮರಗಳಿಂದ ಕೂಡಿದ ಬಯಲು ಜಾಗಗಳನ್ನು ರೂಪಿಸುವ ಭೂದೃಶ್ಯ ವಾಸ್ತುಶಿಲ್ಪಿಯನ್ನು, ಅಂದರೆ 'ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್' ಎಂಬವನನ್ನು, ಇದೇ ಕಲಮು ತನ್ನ ನಿರ್ಬಂಧದಿಂದ ಹೊರಗಿಟ್ಟಿದೆ. ಎಂದರೆ ಆ ಹೆಸರಿನ ಹಿಂದೆ ನೋಂದಣಿಯ ಮುದ್ರೆ ಇರಲೇಬೇಕೆಂದಿಲ್ಲ. ಆದುದರಿಂದ ಅವನ ಪದವಿಯೇನು, ಸದಸ್ಯತ್ವವೇನು, ಹಿಂದಿನ ಕೆಲಸವೇನು ಎಂಬುದನ್ನು ವಿಚಾರಿಸುವ ಭಾರ ಕೆಲಸ ಮಾಡಿಸುವವರ ಮೇಲೆಯೇ ಬೀಳುತ್ತದೆ.

ಸಂಕ್ಷೇಪಾಕ್ಷರಗಳ ತೊಡಕೂ ಸಣ್ಣದಲ್ಲ. ಈ ವಿದ್ಯೆಯ ಸ್ನಾತಕೋತ್ತರ ಪದವಿಯೊಂದರ ಹ್ರಸ್ವರೂಪ 'ಎಂ.ಎಲ್.ಎ.'. ಜಮಖಂಡಿಯ ಪೇಟೆಯಲ್ಲಿ ಹೆಸರಿನ ಬಳಿಕ ಈ ಮೂರು ಅಕ್ಷರಗಳನ್ನು ಕಂಡವರು ಶಾಸಕರೆಂದು ಕೈಮುಗಿದಾರೇ ವಿನಾ ತೋಟದ ನಕ್ಷೆಯನ್ನು ಕೇಳಲಾರರು! ಪದವಿಯನ್ನು ಪೂರ್ಣವಾಗಿ, ಅದನ್ನು ಕೊಟ್ಟ ವಿಶ್ವವಿದ್ಯಾಲಯದ ಹೆಸರಿನೊಡನೆ ಬರೆಯುವುದೇ ಸಜ್ಜನಿಕೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಇದು ಬರಿಯ ಶಿಷ್ಟಾಚಾರದ ಮಾತಲ್ಲ. ಇಲ್ಲಿಯ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ನೀರು ಹರಿದುಹೋಗುವ ದಾರಿಯನ್ನರಿಯದೆ ಮಾಡಿದ ಅಂಗಳದಲ್ಲಿ ಹಾಸುಗಲ್ಲು ಏಳುತ್ತದೆ, ಆವರಣದ ಗೋಡೆ ಸೀಳುತ್ತದೆ. ಮಣ್ಣಿಗೊಗ್ಗದ ಸಸಿ ಒಣಗುತ್ತದೆ. ಶಾಲೆಯ ಬಯಲಿಗೆಂದು ದಾನಿಗಳು ಕೊಟ್ಟ ಹಣ ಹೀಗೆ ಮಣ್ಣುಪಾಲಾಗಬಾರದು.

ಅಕ್ಷರಗಳಿಲ್ಲದೆ ಜ್ಞಾನವಿಲ್ಲವೆಂದಲ್ಲ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡೆಯ ಮಾರ್ಗವಾಗಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೃಂಬಿಗಲ್ಲರ ಯೋಗ್ಯತೆಯನ್ನು ಬೆಂಗಳೂರಿನ ಲಾಲ್‌ಬಾಗ್ ಇಂದಿಗೂ ಸಾರುತ್ತಿದೆ. ಕೊನೆಯ ಪ್ರಮಾಣ ಕೆಲಸವೇ. ಆದರೆ ಗಿಡ ಮರವಾಗಲು ವರ್ಷಗಳು ಬೇಕು. ಅಷ್ಟರವರೆಗೆ ಕಾಯಲಾರದವನಿಗೆ ಅಕ್ಷರಗಳೇ ಆಧಾರ. ಅವನ್ನು ಬರೆದುಕೊಳ್ಳುವವನು ಆ ಆಧಾರಕ್ಕೆ ತಾನೇ ಜಾಮೀನು ನಿಂತಿರುತ್ತಾನೆ. ಈ ಶಾಲೆಯಿಂದ ಹೊರಟು ನಾಳೆ ತಮ್ಮ ಹೆಸರಿಗೆ ಅಕ್ಷರಗಳನ್ನು ಸೇರಿಸಿಕೊಳ್ಳಲಿರುವ ವಿದ್ಯಾರ್ಥಿಗಳಿಗೆ ಗುರುಗಳು ಮೊದಲು ಕಲಿಸಬೇಕಾದ ಪಾಠವಿದು.