ಪಂಪ್ ಕಂಟ್ರೋಲರ್ ಬೋರ್ಡ್ ಮಾಡಿಸಬೇಕಾ? ರೇಟು ಕೇಳುವ ಮೊದಲು ಇದನ್ನು ಓದಿ

ಬೋರ್‌ವೆಲ್ ಮೋಟಾರಿಗೆ ತಾವೇ ಕಂಟ್ರೋಲರ್ ಮಾಡಿಕೊಳ್ಳುವ ಹುಡುಗರು ಈಗ ಊರಿಗೊಬ್ಬರಾದರೂ ಸಿಗುತ್ತಾರೆ. ಯೂಟ್ಯೂಬ್ ನೋಡಿ ಒಂದು ಮೈಕ್ರೋಕಂಟ್ರೋಲರ್, ಸಿಮ್ ಹಾಕುವ ಮೋಡೆಮ್, ಎರಡು ರಿಲೇ ಜೋಡಿಸಿ ಮೊಬೈಲಿನಿಂದಲೇ ಮೋಟಾರ್ ಆನ್ ಮಾಡಿ ತೋರಿಸುತ್ತಾರೆ. ಮೇಜಿನ ಮೇಲೆ ಚೆನ್ನಾಗೇ ಓಡುತ್ತೆ. ಸ್ಟಾರ್ಟರ್ ಬಾಕ್ಸಿನೊಳಗೆ ಇಟ್ಟ ಮೇಲೆ ಕಥೆ ಬೇರೆ. ಕಾಂಟ್ಯಾಕ್ಟರ್ ಟಕ್ ಅಂತ ಬಡಿದಾಗೆಲ್ಲ ಬ್ರೆಡ್‌ಬೋರ್ಡಿನ ವೈರು ಸ್ವಲ್ಪ ಸ್ವಲ್ಪವೇ ಸಡಿಲ ಆಗುತ್ತೆ. ಡ್ರೈ ರನ್ ಆಗುವ ಹೊತ್ತಿಗೆ ಸೆನ್ಸರಿನ ವೈರೇ ಕಿತ್ತಿದ್ದರೆ ಮೋಟಾರ್ ಸುಟ್ಟಿತು ಅಂತಲೇ ಲೆಕ್ಕ. ಮೇಲೆತ್ತುವ ಖರ್ಚು, ರಿವೈಂಡಿಂಗ್ ಖರ್ಚು, ಅಷ್ಟು ದಿನ ತೋಟಕ್ಕೆ ನೀರಿಲ್ಲ. ಹಾಗಾಗಿ ಸರಿಯಾದ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ (ಪಿಸಿಬಿ) ಬೇಕೇ ಬೇಕು.

ನಾವು ಚನ್ನಗಿರಿ ಕಡೆಯ ನಾಲ್ಕು ಜನ ಅಡಿಕೆ ಬೆಳೆಗಾರರು ಸೇರಿ 10 ಬೋರ್ಡ್ ಮಾಡಿಸಿದೆವು. ಡಿಸೈನ್ ಮಾಡಿದ್ದು ಕಿಕ್ಯಾಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ. ಯಾರ ಹತ್ತಿರ ಮಾಡಿಸೋದು ಅನ್ನುವುದೇ ದೊಡ್ಡ ಚರ್ಚೆ ಆಯಿತು.

ಮೊದಲು ಒಂದು ಮಾತು. ಇದರಲ್ಲಿ ಎರಡು ಕೆಲಸ ಇವೆ. ಖಾಲಿ ಬೋರ್ಡ್ ತಯಾರಿಸೋದು ಒಂದು, ಅದರ ಮೇಲೆ ಬಿಡಿಭಾಗ ಕೂರಿಸಿ ಬೆಸುಗೆ ಹಾಕೋದು, ಅಂದರೆ ಅಸೆಂಬ್ಲಿ, ಇನ್ನೊಂದು. ಎರಡನ್ನೂ ಒಬ್ಬರೇ ಮಾಡಿಕೊಡಬಹುದು, ಬೇರೆ ಬೇರೆಯವರೂ ಮಾಡಬಹುದು. ಖಾಲಿ ಬೋರ್ಡಿಗೆ ಗರ್ಬರ್ ಫೈಲ್ ಮತ್ತು ಡ್ರಿಲ್ ಫೈಲ್ ಸಾಕು. ಅಸೆಂಬ್ಲಿಗೆ ಬಿಡಿಭಾಗಗಳ ಪಟ್ಟಿ (ಬಾಮ್ ಅಂತಾರೆ) ಮತ್ತು ಯಾವ ಭಾಗ ಎಲ್ಲಿ ಕೂರಬೇಕು ಅನ್ನುವ ಪೊಸಿಷನ್ ಫೈಲ್ ಬೇಕು.

ಖಾಲಿ ಬೋರ್ಡಿನಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳೋದು ಬೇಡ. ಎಫ್‌ಆರ್‌-4, 1.6 ಮಿ.ಮೀ. ದಪ್ಪ, ಎರಡು ಪದರ, 35 ಮೈಕ್ರಾನ್ ತಾಮ್ರ ಅಂದರೆ ಎಲ್ಲರಿಗೂ ಗೊತ್ತು. ಸೆಟಪ್ ಖರ್ಚೇ ದೊಡ್ಡದಾದ್ದರಿಂದ 5 ಬೋರ್ಡಿಗೂ 10ಕ್ಕೂ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸ ಇರಲ್ಲ. ಎಲೆಕ್ಟ್ರಿಕಲ್ ಟೆಸ್ಟ್ ಸೇರಿದೆಯಾ ಅಂತ ಮಾತ್ರ ಕೇಳಿ.

ವೆಂಡರ್ ಆರಿಸಲು ನಾವು ಮಾಡಿದ್ದು ಇಷ್ಟೇ: ಒಂದೇ ಫೈಲನ್ನು ಮೂವರಿಗೆ ಕಳಿಸಿ, ಯಾರು ಏನು ಕೇಳ್ತಾರೆ ಅಂತ ಕಾದೆವು. ಒಬ್ಬರು ಹತ್ತೇ ನಿಮಿಷದಲ್ಲಿ ರೇಟು ಕಳಿಸಿದರು, ಅದೇ ಎಲ್ಲಕ್ಕಿಂತ ಕಡಿಮೆ. ಎರಡನೆಯವರೂ ಹೆಚ್ಚೂಕಮ್ಮಿ ಹಾಗೇ. ಮೂರನೆಯವರ ಎಂಜಿನಿಯರ್ ಮರುದಿನ ಫೋನ್ ಮಾಡಿ, "ಸರ್, ರಿಲೇ ಕೆಳಗೆ ಒಂದು ಸೀಳು ಬಿಟ್ಟಿದ್ದೀರಲ್ಲ, ಅದು ನಾನ್-ಪ್ಲೇಟೆಡ್ ತಾನೇ?" ಅಂದರು. ಫೈಲಿನಲ್ಲಿ ಹಾಗೇ ಬರೆದಿತ್ತು, ಆದರೂ ಕೇಳಿ ಖಚಿತ ಮಾಡಿಕೊಂಡರು. ಆ ಸೀಳು ಇರೋದು ಒಂದು ಕಡೆಯ 415 ವೋಲ್ಟ್ ಇನ್ನೊಂದು ಕಡೆಯ 5 ವೋಲ್ಟಿಗೆ ದಾಟದಿರಲಿ ಅಂತ. ಅದರ ಒಳಗೋಡೆಗೆ ತಪ್ಪಿ ತಾಮ್ರ ಹಚ್ಚಿಬಿಟ್ಟರೆ, ತಡೆಯಲಿ ಅಂತ ಮಾಡಿದ ಜಾಗವೇ ಕರೆಂಟಿಗೆ ಸೇತುವೆ ಆಗುತ್ತೆ. ಬೋರ್ಡ್ ಹೋಗೋದು ಹಾಗಿರಲಿ, ಬಾಕ್ಸ್ ಮುಟ್ಟಿದವರ ಪ್ರಾಣದ ಪ್ರಶ್ನೆ. ಆ ಫೋನ್ ಬಂದ ಮೇಲೆ ನಮ್ಮ ಚರ್ಚೆ ಮುಗಿಯಿತು. ಅವರ ರೇಟು ಮೂವರಲ್ಲೇ ಜಾಸ್ತಿ ಇತ್ತು, ಕೊಟ್ಟೆವು.

ಚೀನಾದಿಂದ ತರಿಸಿದರೆ ಅಗ್ಗ ಅಲ್ವಾ ಅಂತ ಕೇಳೋರಿದ್ದಾರೆ. ಶೆನ್ಜೆನ್ ಕಡೆಯ ಕಂಪನಿಗಳ ಖಾಲಿ ಬೋರ್ಡಿನ ಬೆಲೆ ನಿಜಕ್ಕೂ ಕಡಿಮೆ, ಕೆಲಸವೂ ಅಚ್ಚುಕಟ್ಟು. ಆದರೆ ವೆಬ್‌ಸೈಟಿನಲ್ಲಿ ಕಾಣೋ ಬೆಲೆ ಬೇರೆ, ಮನೆ ಬಾಗಿಲಿಗೆ ಬಂದಾಗಿನ ಬೆಲೆ ಬೇರೆ. ಕೊರಿಯರ್, ಕಸ್ಟಮ್ಸ್, ಶೇ. 18 ಐಜಿಎಸ್‌ಟಿ, ಕೊರಿಯರ್‌ನವರ ಕ್ಲಿಯರೆನ್ಸ್ ಚಾರ್ಜು, ಎಲ್ಲ ಕೂಡಿಸಿ ನೋಡಿ. ಸಿಮ್ ಮೋಡೆಮ್ ಕೂರಿಸಿದ ಬೋರ್ಡನ್ನಂತೂ ಹೊರಗಿನಿಂದ ತರಿಸಲೇಬೇಡಿ. ರೇಡಿಯೋ ಇರುವ ವಸ್ತುವಿನ ಆಮದಿಗೆ ಡಬ್ಲ್ಯುಪಿಸಿ ಅನುಮೋದನೆ ಬೇಕು, ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲೇ ಕೂರುತ್ತೆ. ನಾವು ಮೋಡೆಮನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಲ್ ಸಮೇತ ತಗೊಂಡು, ಬೋರ್ಡಿನ ಮೇಲೆ ಸಾಕೆಟ್ ಇಟ್ಟು ಸಿಕ್ಕಿಸಿದ್ದೇವೆ. ಕೆಟ್ಟರೆ ಕಿತ್ತು ಬೇರೆ ಹಾಕಬಹುದು.

ಅಸೆಂಬ್ಲಿಯಲ್ಲಿ ಜಗಳ ಹುಟ್ಟೋದು ಬಿಡಿಭಾಗದಿಂದ. "ಎಲ್ಲ ನಾವೇ ತಂದು ಹಾಕ್ತೀವಿ" ಅನ್ನೋದು ಟರ್ನ್‌ಕೀ. ಸುಲಭ, ಆದರೆ ಸ್ಟಾಕ್ ಇಲ್ಲ ಅಂತ ಬೇರೆ ಭಾಗ ಹಾಕಿಬಿಡುವ ಅಪಾಯ ಇದೆ. ಪಕ್ಕದೂರಿನ ಗೆಳೆಯನಿಗೆ ಒಬ್ಬ ವೆಂಡರ್ 105 ಡಿಗ್ರಿಯ ಕೆಪಾಸಿಟರ್ ಬದಲು 85 ಡಿಗ್ರಿಯದ್ದು ಹಾಕಿ ಕಳಿಸಿದ್ದ, ಒಂದು ಮಾತೂ ಹೇಳದೆ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಬಿಸಿ ಏರಿದರೆ ಸುಮಾರು ಅರ್ಧಕ್ಕೆ ಇಳಿಯುತ್ತೆ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಸ್ಟಾರ್ಟರ್ ಬಾಕ್ಸ್ ಒಳಗೆ ಕೈ ಇಟ್ಟು ನೋಡಿದವರಿಗೆ ಇದರ ಅರ್ಥ ಗೊತ್ತು. ಪಟ್ಟಿಯಲ್ಲಿ ತಯಾರಕರ ಪಾರ್ಟ್ ನಂಬರ್ ಪೂರ್ತಿ ಬರೆದು, "ನಮ್ಮನ್ನು ಕೇಳದೆ ಬದಲಾಯಿಸಬಾರದು" ಅಂತ ಆರ್ಡರಿನಲ್ಲೇ ಹಾಕಿಸಿ. ಬರೀ ಫೋನಿನಲ್ಲಿ ಹೇಳಿದರೆ ನಡೆಯಲ್ಲ.

ದುಡ್ಡು ಉಳಿಸಲು ಒಂದು ದಾರಿ ಇದೆ. ಸಣ್ಣ ಎಸ್‌ಎಂಡಿ ಭಾಗಗಳನ್ನೆಲ್ಲ ಬೋರ್ಡಿನ ಒಂದೇ ಬದಿಗೆ ಇಟ್ಟು ಅವನ್ನು ಮಾತ್ರ ಅವರಿಂದ ಕೂರಿಸಿ. ಎರಡೂ ಬದಿ ಅಂದರೆ ಎರಡು ಸ್ಟೆನ್ಸಿಲ್, ಎರಡು ಸೆಟಪ್. ರಿಲೇ, ಟರ್ಮಿನಲ್ ಕನೆಕ್ಟರ್ ನಾವೇ ಮನೆಯಲ್ಲಿ ಬೆಸುಗೆ ಹಾಕಿದೆವು, ಒಂದು ಸಂಜೆಯ ಕೆಲಸ.

ಇನ್ನು ಕನ್ಫಾರ್ಮಲ್ ಕೋಟಿಂಗ್. ಇದು ಬೋರ್ಡಿನ ಮೇಲೆ ಹೊಡೆಯುವ ತೆಳು ವಾರ್ನಿಶ್. ಮಳೆಗಾಲದ ತೇವ, ಇರುವೆ, ಹಲ್ಲಿ, ಇವೆಲ್ಲ ನಮ್ಮ ಬಾಕ್ಸಿಗೆ ಬರೋ ಅತಿಥಿಗಳು. ಆಫೀಸಿನಲ್ಲಿ ಇಡೋ ಸಾಮಾನು ಮಾಡುವ ವೆಂಡರಿಗೆ ಇದು ತಲೆಗೇ ಹೊಳೆಯಲ್ಲ, ನೀವೇ ಕೇಳಬೇಕು. ಕನೆಕ್ಟರ್, ಸಾಕೆಟ್ ಮೇಲೆ ಬೀಳದಂತೆ ಮುಚ್ಚಿ ಹೊಡೀತಾರಾ ಅಂತಲೂ ಕೇಳಿ. ಮನೆಯಲ್ಲಿ ಬೆಸುಗೆ ಹಾಕುವ ರಂಧ್ರಗಳನ್ನೂ ಮುಚ್ಚಿರಬೇಕು.

ಹತ್ತನ್ನೂ ಒಟ್ಟಿಗೆ ಮಾಡಿಸಬೇಡಿ. ಮೊದಲು ಎರಡಕ್ಕೆ ಮಾತ್ರ ಅಸೆಂಬ್ಲಿ. ನಾವು ಆ ಎರಡನ್ನು ಮೂರು ವಾರ ಎರಡು ಬೋರಿನಲ್ಲಿ ಓಡಿಸಿ, ಬೇಕಂತಲೇ ಒಂದು ಫೇಸ್ ತೆಗೆಸಿ ನೋಡಿದೆವು (ಎಲೆಕ್ಟ್ರಿಷಿಯನ್ ಜೊತೆಗಿದ್ದರು, ಒಬ್ಬರೇ ಮಾಡೋ ಕೆಲಸ ಅಲ್ಲ ಇದು). ಆಮೇಲೆ ಉಳಿದ ಎಂಟಕ್ಕೆ ಹೂಂ ಅಂದೆವು. ಹೀಗೆ ಎರಡು ಕಂತಿಗೆ ಸೆಟಪ್ ಚಾರ್ಜು ಮತ್ತೆ ಹಾಕ್ತಾರಾ ಅಂತ ಮೊದಲೇ ಮಾತಾಡಿ. ಸ್ಟೆನ್ಸಿಲ್‌ಗೆ ದುಡ್ಡು ಕೊಟ್ಟಿದ್ದರೆ ಅದು ನಿಮ್ಮದೇ, ಉಳಿದ ಬಿಡಿಭಾಗದ ಜೊತೆ ಕೇಳಿ ಇಸ್ಕೊಳ್ಳಿ.