ಲೋಹಿತ್ ಅಕ್ಷರಗಳ ಸ್ವಾಮ್ಯ

ಪ್ರಶ್ನೆ: ಕನ್ನಡ ಕೂಟದ ಸ್ಮರಣ ಸಂಚಿಕೆಗೆ ‘ಲೋಹಿತ್ ಕನ್ನಡ’ ಫಾಂಟನ್ನು ಬಳಸಲು, ಅದರ ಒತ್ತಕ್ಷರವೊಂದನ್ನು ತಿದ್ದಿಕೊಳ್ಳಲು ಯಾರ ಅಪ್ಪಣೆ ಬೇಕು? (ಓದುಗರೊಬ್ಬರು, ರಾಲಿ, ಉತ್ತರ ಕ್ಯಾರೊಲಿನಾ)

ಉತ್ತರ: ಅಪ್ಪಣೆ ಆಗಲೇ ದೊರೆತಿದೆ. ತಮ್ಮ ಊರಿನಲ್ಲಿಯೇ ಕೇಂದ್ರ ಕಛೇರಿಯುಳ್ಳ ರೆಡ್ ಹ್ಯಾಟ್ ಸಂಸ್ಥೆಯು ಲೋಕಕ್ಕೆ ಬಿಟ್ಟುಕೊಟ್ಟ ಈ ಅಕ್ಷರರೂಪವು ಮೊದಲು ಜಿಪಿಎಲ್ ಎಂಬ ಪರವಾನಗಿಗೆ ಒಳಪಟ್ಟಿದ್ದಿತು. ತಿದ್ದಿ ಹಂಚುವವನು ತನ್ನ ತಿದ್ದುಪಡಿಯ ಮೂಲವನ್ನೂ ಅದೇ ಷರತ್ತಿನ ಮೇಲೆ ಪರರಿಗೆ ಕೊಡತಕ್ಕದ್ದೆಂಬ ಆ ಉದಾತ್ತ ನಿಯಮವು ತಂತ್ರಾಂಶಕ್ಕೆ ಸರ್ವಥಾ ಸಮಂಜಸವಾದರೂ, ಫಾಂಟು ಪಿಡಿಎಫ್ ಕಡತದೊಳಗೆ ಅಡಕವಾದಾಗ ಆ ಬರಹಕ್ಕೂ ಷರತ್ತು ತಗಲೀತೇ ಎಂಬ ಶಂಕೆಗೆ ಎಡೆಗೊಟ್ಟಿತು. 2011ರಲ್ಲಿ ಲೋಹಿತ್ ಸ್ವೀಕರಿಸಿದ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸು, ಫಾಂಟಿನಿಂದ ರಚಿಸಿದ ಬರಹಕ್ಕೆ ತನ್ನ ನಿಯಮವು ಅನ್ವಯಿಸದೆಂದು ಸ್ಪಷ್ಟವಾಗಿ ಸಾರುತ್ತದೆ. ನನ್ನ ಮಟ್ಟಿಗೆ ಅದು ಅತ್ಯಂತ ವಿವೇಕದ ಬದಲಾವಣೆ.

ಆದುದರಿಂದ ಸಂಚಿಕೆಯನ್ನು ನಿಶ್ಚಿಂತೆಯಿಂದ ಮುದ್ರಿಸಿ ಮಾರಬಹುದು. ‘ರಾಷ್ಟ್ರ’ದ ಷಕಾರದಡಿ ಟಕಾರ ರಕಾರಗಳೆರಡೂ ಇಕ್ಕಟ್ಟಿಲ್ಲದೆ ನಿಲ್ಲುವಂತೆ ತಾವು ತಿದ್ದಿದಿರೆನ್ನೋಣ: ಆ ತಿದ್ದುಪಡಿಗೆ ಕೃತಿಸ್ವಾಮ್ಯ ಸಲ್ಲುವುದಾದರೆ ಅದು ತಮ್ಮದೇ, ಆದರೆ ತಿದ್ದಿದ ಫಾಂಟನ್ನು ಹಂಚುವಾಗ ಮೂಲ ಸ್ವಾಮ್ಯಸೂಚನೆಯನ್ನು ಉಳಿಸಿ ಅದೇ ಪರವಾನಗಿಯಲ್ಲಿಯೇ ಕೊಡಬೇಕು, ಫಾಂಟೊಂದನ್ನೇ ಪ್ರತ್ಯೇಕವಾಗಿ ಮಾರಕೂಡದು. ಹಲವರು ಕೂಡಿ ಕಟ್ಟಿದ ಕೃತಿಯ ಪರವಾನಗಿಯನ್ನು ಮುಂದೆ ಬದಲಿಸಬೇಕಾದರೆ ಸ್ವಾಮ್ಯವುಳ್ಳ ಪ್ರತಿಯೊಬ್ಬರ ಸಮ್ಮತಿಯೂ ಸಾಮಾನ್ಯವಾಗಿ ಅಗತ್ಯವಾದುದರಿಂದ, ತಮ್ಮ ಹೆಸರನ್ನೂ ವರ್ಷವನ್ನೂ ಕಡತದಲ್ಲಿ ತಪ್ಪದೆ ನಮೂದಿಸಿರಿ.